ಮೈಸೂರಿನ ಪರಿಚಯದವರು

ಅಲ್ ಗುಬ್ರಾ, ಮಸ್ಕತ್
೯ ಫೆಬ್ರವರಿ ೨೦೨೫

ಪ್ರೀತಿಯ ಛಂದಾ,

ಹೇಗಿದ್ದೀಯ? ಕೋಲ್ಕತ್ತದ ಚಳಿಗೆ ನಿನ್ನ ಗಂಟಲು ಕಟ್ಟುತ್ತದೆ, ಬಿಸಿನೀರು ಕುಡಿಯುತ್ತಿದ್ದೀಯೋ ಇಲ್ಲವೋ. ಅಮ್ಮನ ಮಂಡಿನೋವು ಹಾಗೆಯೇ ಇದೆ, ಲಿಫ್ಟ್ ಕೆಟ್ಟ ದಿನ ಕೆಳಗಿಳಿಯುವುದಿಲ್ಲ. ಹಿತಾ ಉದ್ದವಾಗಿದ್ದಾಳೆ, ಹೋದ ವರ್ಷದ ಯೂನಿಫಾರಂ ಯಾವುದೂ ಆಗುತ್ತಿಲ್ಲ. ನನಗೆ ಕಾಯಿಲೆ ಅಂತ ಏನಿಲ್ಲ. ನಿನಗೆ ಫೋನು ಮಾಡಿದರೆ ಮ್ಯಾನೇಜರ್ ಎತ್ತುತ್ತಾರೆ, ಮೆಸೇಜನ್ನೂ ಅವರೇ ಓದುತ್ತಾರೆ. ಅದಕ್ಕೇ ಈ ಕಾಗದ, ಅದೂ ಕನ್ನಡದಲ್ಲಿ. ಮೈಸೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಬಂಗಾಳಿ ಹುಡುಗಿಗೆ ಮೇಷ್ಟ್ರು ಗದರಿ ಕಲಿಸಿದ ಅಕ್ಷರ ಇವತ್ತು ನನ್ನ ಉಪಯೋಗಕ್ಕೆ ಬಂತು. ಅಲ್ಲಿ ಇದನ್ನು ನಿನ್ನ ಹೊರತು ಯಾರೂ ಓದಲಾರರು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಇಲ್ಲಿನ ಬಂಗಾಳಿಗಳ ದುರ್ಗಾಪೂಜೆಯ ನಾಟಕದಲ್ಲಿ ನೀನು ಮಾಡಿದ ಪಾತ್ರದ ವಿಡಿಯೊ ಹೇಗೋ ಕೋಲ್ಕತ್ತದ ಟೀವಿ ಧಾರಾವಾಹಿಯವರ ಕೈಗೆ ಸಿಕ್ಕಿ, ಆರು ತಿಂಗಳ ಕೆಲಸ ಎಂದು ಕರೆದಾಗ, ಹೋಗು ಎಂದವನು ನಾನೇ. ಆಗ ಹಿತಾಗೆ ಐದು ವರ್ಷ. ಅಮ್ಮ ಮೈಸೂರಿನಿಂದ ಬಂದು ಮನೆ ನೋಡಿಕೊಂಡರು. ಆದರೆ ಆಫೀಸಿನಲ್ಲಿ ನಿನ್ನನ್ನು ಕೇಳಿದವರಿಗೆಲ್ಲ, ಹೆಂಡತಿ ಬಣ್ಣ ಹಚ್ಚಲು ಹೋಗಿದ್ದಾಳೆ ಎನ್ನಲು ನನಗೆ ಬಾಯಿ ಬರಲಿಲ್ಲ. “ಅತ್ತೆಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಹೋಗಿದ್ದಾಳೆ” ಎಂದೆ. ಅದು ನಿನ್ನ ಕಿವಿಗೂ ಬಿತ್ತು. “ನಮ್ಮಮ್ಮ ಗಟ್ಟಿಮುಟ್ಟಾಗಿದ್ದಾರೆ ತೇಜು. ನಿಂಗೆ ನಾಚಿಕೆ ಆದ್ರೆ ನಾಚಿಕೆ ಅಂತ ಹೇಳು” ಎಂದಿದ್ದೆ. ನಾನು ಮಾತು ತಿರುಗಿಸಿದೆ. ನಮ್ಮಿಬ್ಬರಲ್ಲಿ ಮೊದಲು ಮುಚ್ಚಿಟ್ಟವನು ನಾನು. ಮುಂದೆ ಬರೆಯುವುದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದು.

ಆ ಧಾರಾವಾಹಿಯಲ್ಲಿ ಮೊದಮೊದಲು ನೀನು ಮೂರನೇ ಸೊಸೆ. ಟ್ರೇ ಹಿಡಿದು ಬರುವುದು, ಬಾಗಿಲ ಹಿಂದೆ ನಿಂತು ಅಳುವುದು, ಅಷ್ಟೇ. ಅಮ್ಮನಿಗೆ ಬಂಗಾಳಿಯ ಒಂದಕ್ಷರ ಬಾರದಿದ್ದರೂ ಒಂದು ಕಂತು ಬಿಡುತ್ತಿರಲಿಲ್ಲ. “ಆ ಅತ್ತೆ ನಮ್ಮ ಛಂದಾನ ಏನ್ ಗೋಳು ಹುಯ್ಕೋತಾಳೆ ನೋಡೋ, ಅವಳ ಕೈ ಸೇದ್ಹೋಗ” ಎಂದು ಟೀವಿಗೆ ಬೈಯುತ್ತಿದ್ದರು. ನಿನಗೆ ಮದುವೆಯ ಹೊಸತರಲ್ಲಿ ಅಮ್ಮ ಕೊಟ್ಟ ಕಾಟ ಇದಕ್ಕಿಂತ ಕಮ್ಮಿಯಿರಲಿಲ್ಲ ಎಂದು ನೀನು ಫೋನಿನಲ್ಲಿ ನಕ್ಕಿದ್ದು ನೆನಪಿದೆ. ವರ್ಷದೊಳಗೆ ಜನ ಮೂರನೇ ಸೊಸೆಯನ್ನೇ ನೋಡಲು ಶುರುಮಾಡಿದರು, ಕಥೆ ನಿನ್ನ ಸುತ್ತ ತಿರುಗಿತು, ಆರು ತಿಂಗಳು ಮೂರು ವರ್ಷವಾಯಿತು. ವರ್ಷಕ್ಕೆರಡು ಸಲ ಬರುತ್ತಿದ್ದವಳು ಒಂದು ಸಲ ಬಂದೆ, ಆಮೇಲೆ ಅದೂ ನಿಂತಿತು. ಸಿನಿಮಾ ಸಿಕ್ಕಿದಾಗ ನೀನೇ ಫೋನು ಮಾಡಿದೆ. ನಾಯಕಿಯ ಪಾತ್ರ, ಹೆಸರಾಂತ ನಿರ್ದೇಶಕರು ಎಂದೆ. ನಿರ್ಮಾಪಕರು ನಿನ್ನನ್ನು ಮದುವೆಯಾಗದವಳೆಂದು ಹೇಳಿಕೊಳ್ಳಲು ಒಪ್ಪಿಸಿದ್ದನ್ನು ಮಾತ್ರ ಹೇಳಲಿಲ್ಲ.

ಹೋದ ವರ್ಷ ಜನವರಿಯಲ್ಲಿ ಕೆಳಗಿನ ಮನೆಯ ಡೊರೊತಿ ಬಾಯಿ ನನ್ನನ್ನು ಪಾರ್ಕಿಂಗಿನಲ್ಲಿ ನಿಲ್ಲಿಸಿದರು. ಅವರ ಟ್ರಾವೆಲ್ಸ್ ಆಫೀಸಿನಿಂದಲೇ ಶೂಟಿಂಗಿಗೆ ಮಸ್ಕತ್ತಿಗೆ ಬಂದ ನಿಮ್ಮ ತಂಡಕ್ಕೆ ಹೋಟೆಲು ಗೊತ್ತುಮಾಡಿದ್ದರಂತೆ. “ನಿಮ್ಮ ಮಿಸೆಸ್ ಬಂದು ನಾಲ್ಕು ದಿನ ಆಯ್ತಲ್ಲ ಮಾರಾಯ್ರೇ, ಮನೆಗೆ ಬರ್ಲಿಲ್ವಾ?” ಎಂದು ಕೇಳಿದರು. ಪಾಪ, ಸಂತೋಷಕ್ಕೆ ಕೇಳಿದ್ದು. ನನ್ನ ಮುಖ ನೋಡಿ, “ಬಿಜಿ ಇರ್ಬೇಕು ಅಲ್ವಾ” ಎಂದು ಅವರೇ ಸಮಾಧಾನ ಹೇಳಿದರು. ನಮ್ಮ ಮನೆಯಿಂದ ಶೂಟಿಂಗ್ ನಡೆಯುತ್ತಿದ್ದ ಮತ್ರಾಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಶುಕ್ರವಾರ ಬೆಳಿಗ್ಗೆ ಹಿತಾಳನ್ನು ಕರೆದುಕೊಂಡು ಹೊರಟೆ. ನೀನು ಕಳಿಸಿದ್ದ ಹಳದಿ ಫ್ರಾಕನ್ನು ಅವಳೇ ಹುಡುಕಿ ಹಾಕಿಕೊಂಡಳು. ಕಡಲದಂಡೆಯ ಹಗ್ಗದ ಆಚೆ ನೀನು ಛತ್ರಿಯ ಕೆಳಗೆ ಕೂತಿದ್ದೆ. ನಮ್ಮನ್ನು ಕಂಡ ಕೂಡಲೇ ಎದ್ದೆ, ಎರಡು ಹೆಜ್ಜೆ ಮುಂದೆ ಬಂದೆ, ನಿಂತುಬಿಟ್ಟೆ. ಪಕ್ಕದಲ್ಲಿದ್ದ ಗಡ್ಡದವರು ಯಾರಿವರು ಎಂದು ಕೇಳಿದರು. “ಮೈಸೂರಿನ ಪರಿಚಯದವರು, ಫ್ಯಾಮಿಲಿ ಫ್ರೆಂಡ್ಸ್” ಎಂದು ನೀನು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಬಗ್ಗಿ, ಅಲ್ಲಿ ಯಾರಿಗೂ ತಿಳಿಯದ ಕನ್ನಡದಲ್ಲಿ, “ತಿಂಡಿ ತಿಂದ್ಯಾ ಪುಟ್ಟಿ?” ಎಂದೆ. ಹಿತಾ ನಿನ್ನ ಮುಖವನ್ನೇ ನೋಡಿ, ಕೈಕಟ್ಟಿಕೊಂಡು, “ಯೆಸ್, ಆಂಟಿ” ಎಂದಳು.

ನಾನು ಹೇಳಿಕೊಟ್ಟದ್ದಲ್ಲ, ಛಂದಾ. ದೇವರಾಣೆ ಅಲ್ಲ. ವಾಪಸು ಬರುವಾಗ ಕಾರಿನಲ್ಲಿ, “ಅಪ್ಪಾ, ನಾನು ಸರಿಯಾಗಿ ಹೇಳಿದ್ನಾ? ಅಮ್ಮಂಗೆ ಪ್ರಾಬ್ಲಂ ಆಗಲ್ಲ ಅಲ್ವಾ?” ಎಂದು ಕೇಳಿದಳು. ಸರಿಯಾಗಿ ಹೇಳಿದೆ ಎಂದೆ. ಇನ್ನೇನು ಹೇಳಲಿ? ಎಂಟು ವರ್ಷದ ಮಗುವಿಗೆ ಅಷ್ಟು ಬೇಗ ಅದು ಹೇಗೆ ಹೊಳೆಯಿತು ಎಂದು ಇವತ್ತಿಗೂ ಯೋಚಿಸುತ್ತೇನೆ. ನೀನು ವಿಮಾನ ನಿಲ್ದಾಣದಿಂದ ಫೋನು ಮಾಡಿ ಅತ್ತೆ. “ಕಾಂಟ್ರಾಕ್ಟಲ್ಲಿದೆ ತೇಜು, ಇದೊಂದು ಸಿನಿಮಾ ಮುಗಿದ್ಬಿಡ್ಲಿ” ಎಂದೆ. ನಾನು ನಂಬಿದೆ. ಸಿನಿಮಾ ಮುಗಿಯಿತು, ಪೂಜೆಗೆ ಬಿಡುಗಡೆಯಾಯಿತು, ಇನ್ನೆರಡು ಒಪ್ಪಿಕೊಂಡೆಯೆಂದು ಪೇಪರಿನಲ್ಲಿ ಓದಿದೆ. ಒಂದು ಸಂದರ್ಶನದಲ್ಲಿ, ಮದುವೆಯ ಬಗ್ಗೆ ಯೋಚಿಸಲು ಪುರಸೊತ್ತೇ ಸಿಕ್ಕಿಲ್ಲ ಎಂದಿದ್ದೀಯ.

ಸಿನಿಮಾವನ್ನು ಒಬ್ಬನೇ ಕೂತು ನೋಡಿದೆ. ಚೆನ್ನಾಗಿ ಮಾಡಿದ್ದೀಯ. ಮೂರು ವರ್ಷ ಟೀವಿಯಲ್ಲಿ ಗಳಗಳ ಅತ್ತವಳು ಇಲ್ಲಿ ಸುಮ್ಮನೆ ಒಂದು ಬಸ್ಸಿನ ಕಿಟಕಿಯಲ್ಲಿ ಕೂತು ನೋಡುವವರನ್ನು ಹಿಡಿದಿಡುತ್ತೀಯ. ಕೆಟ್ಟದಾಗಿ ಮಾಡಿದ್ದರೆ ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಅಮ್ಮ ನೋಡಲಿಲ್ಲ. ಈಗ ಟೀವಿಯ ಮುಂದೆ ಕೂರುವುದನ್ನೇ ಬಿಟ್ಟಿದ್ದಾರೆ.

ಡಿಸೆಂಬರಿನಲ್ಲಿ ಹಿತಾಳ ಕ್ಲಾಸ್ ಟೀಚರ್ ಪ್ರೆಸಿಲ್ಲಾ ಫೋನು ಮಾಡಿದರು. “ನಮ್ಗೆ ಗೊತ್ತೇ ಇರ್ಲಿಲ್ಲ, ತುಂಬಾ ಬೇಜಾರಾಯ್ತು” ಎಂದರು. ಏನು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿತಾ ಕ್ಲಾಸಿನಲ್ಲಿ ತನ್ನ ಅಮ್ಮ ತೀರಿಹೋಗಿದ್ದಾರೆ ಎಂದು ಹೇಳಿದ್ದಳು. ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. “ಇದ್ದಾರೆ ಅಂದ್ರೆ ಎಲ್ಲಿ, ಯಾವಾಗ ಬರ್ತಾರೆ ಅಂತೆಲ್ಲ ಕೇಳ್ತಾರಪ್ಪಾ. ಸತ್ತೋದ್ರು ಅಂದ್ರೆ ಯಾರೂ ಏನೂ ಕೇಳಲ್ಲ” ಎಂದಳು. ಅಳಲಿಲ್ಲ. ಹೋಂವರ್ಕ್ ಮಾಡುತ್ತಲೇ ಹೇಳಿದಳು. ಟೀಚರಿಗೆ ನಾನು ನಿಜ ಹೇಳಬೇಕಿತ್ತು. ಥ್ಯಾಂಕ್ಸ್ ಎಂದು ಹೇಳಿ ಫೋನಿಟ್ಟಿದ್ದೆ. ಎರಡನೇ ಸಲವೂ ನಾನೇ ನಿನ್ನನ್ನು ಇಲ್ಲವಾಗಿಸಿದೆ. ಈ ಮನೆಯಲ್ಲಿ ಇನ್ನು ಯಾರು ಯಾರಿಗೆ ಬುದ್ಧಿ ಹೇಳುವುದು, ನೀನೇ ಹೇಳು.

ಅಮ್ಮನಿಗೆ ಈ ಕಾಗದದ ಸುದ್ದಿ ಗೊತ್ತಿಲ್ಲ. ಗೊತ್ತಿದ್ದರೆ ಕೋಪದಲ್ಲೇ ಆದರೂ ಒಂದು ಆಶೀರ್ವಾದ ಬರೆಸುತ್ತಿದ್ದರು, ಬರೆಸಿದ್ದಾರೆ ಎಂದೇ ತಿಳಿದುಕೋ. ನಿನ್ನ ತಾಯಿಗೆ ನನ್ನ ನಮಸ್ಕಾರ. ಗಂಟಲು ನೋಡಿಕೋ.

ತೇಜಸ್ವಿ

ತಾ.ಕ.: ಹಿತಾಳ ಪಾಸ್‌ಪೋರ್ಟ್ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅದು ಹೊಸದಾಗದಿದ್ದರೆ ಇಲ್ಲಿ ಇರಲು ಬೇಕಾದ ಅವಳ ಕಾರ್ಡೂ ಹೊಸದಾಗುವುದಿಲ್ಲ. ಜೊತೆಗಿಟ್ಟ ಫಾರಂನಲ್ಲಿ ‘ತಾಯಿ’ ಎಂದಿರುವ ಕಡೆ ಸಹಿ ಮಾಡಿ ಕೂಡಲೇ ಕೊರಿಯರ್ ಮಾಡು. ಸಿನಿಮಾದ ಹೆಸರು ಬೇಡ, ಹಳೆಯ ಹೆಸರಿನಲ್ಲೇ ಮಾಡು, ಪಾಸ್‌ಪೋರ್ಟ್ ಕಚೇರಿಯವರ ಹೊರತು ಯಾರೂ ನೋಡುವುದಿಲ್ಲ. ನಿನ್ನ ಸಹಿ ಬಾರದಿದ್ದರೆ ಇನ್ನೊಂದು ಫಾರಂ ಇದೆಯಂತೆ, ತಾಯಿಯ ಒಪ್ಪಿಗೆ ಸಿಕ್ಕಿಲ್ಲ ಎಂದು ಕಾರಣ ಸಮೇತ ನಾನೇ ಬರೆದುಕೊಡಬೇಕು. ಆ ಕಾರಣ ಬರೆಯಲು ನನ್ನಿಂದಾಗುವುದಿಲ್ಲ. ಇನ್ನೊಂದು ಮಾತು. ಲಕೋಟೆಯಲ್ಲಿ ಹಿತಾಗೆಂದು ಒಂದು ಚೀಟಿ ಇಡಬೇಕು ಅನ್ನಿಸಿದರೆ, ದಯವಿಟ್ಟು ಇಡಬೇಡ. ಆಮೇಲೆ ಇನ್ನೊಂದಕ್ಕೆ ಕಾಯುತ್ತಾಳೆ.