ಜೇನುನೊಣಕ್ಕೊಂದು ದರ, ಅತ್ತೆಗೊಂದು ದರ

ಮಾನ್ಯ ದ್ವೀಪ ಸಾರಿಗೆ ದರ ನಿಗದಿ ಅಧಿಕಾರಿಗಳೇ,

ಅಗ್ರಿಲೋಸ್ ದ್ವೀಪಕ್ಕೆ ಲಾರಿ ತುಂಬ ಜೇನುನೊಣ ಒಯ್ಯಲು ತಾವು ಕೇಳುವ ದರಕ್ಕಿಂತ, ನನ್ನ ಅತ್ತೆಯೊಬ್ಬರನ್ನೇ ಅವರ ಹಾಸಿಗೆಯ ಸಮೇತ ಒಯ್ಯಲು ಕೇಳುವ ದರ ಎಷ್ಟೋ ಪಟ್ಟು ಹೆಚ್ಚು. ಇಷ್ಟೇ ನನ್ನ ದೂರು. ಇಲ್ಲಿಗೇ ಓದುವುದನ್ನು ನಿಲ್ಲಿಸಿ ನ್ಯಾಯ ಒದಗಿಸುವುದಾದರೆ ತಮ್ಮ ಮಧ್ಯಾಹ್ನದ ನಿದ್ದೆಗೆ ನಾನು ಅಡ್ಡಿಯಾಗಲಾರೆ. ಇಲ್ಲವಾದರೆ ದಯವಿಟ್ಟು ಒಂದು ಕಾಫಿ ತರಿಸಿಕೊಳ್ಳಿ, ಪತ್ರ ಸ್ವಲ್ಪ ಉದ್ದವಿದೆ.

ಜೇನುನೊಣಗಳ ಮೇಲೆ ನನಗೆ ಹಗೆಯಿಲ್ಲ. ಬೇಸಿಗೆಯಲ್ಲಿ ದ್ವೀಪದ ಥೈಮ್ ಗಿಡ ಹೂಬಿಟ್ಟಾಗ ಅವು ಪೆಟ್ಟಿಗೆಗಳಲ್ಲಿ ಕೂತು ಸಮುದ್ರ ದಾಟುವುದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಅವು ದುಡಿಯುತ್ತವೆ, ಸಾಲು ತಪ್ಪುವುದಿಲ್ಲ, ಹಡಗಿನ ಕ್ಯಾಂಟೀನಿನ ತಿಂಡಿ ತಿಂದು ಮುಖ ಕಿವುಚುವುದಿಲ್ಲ. ಅತ್ತೆ ಕ್ರಿಸ್ತಾಲಿಯಾ ಈ ಯಾವ ಪರೀಕ್ಷೆಯಲ್ಲೂ ಪಾಸಾಗುವವರಲ್ಲ, ಒಪ್ಪಿದೆ. ಆದರೂ ನೊಣಕ್ಕೆ ‘ಕೃಷಿ ಸಾಗಣೆ’ ಎಂಬ ರಿಯಾಯಿತಿ, ಅತ್ತೆಗೆ ‘ವಿಲಾಸ ಪ್ರವಾಸ’ ಎಂಬ ದಂಡ, ಇದು ಯಾವ ತಕ್ಕಡಿ ಸ್ವಾಮಿ?

ವಿಲಾಸ ಎಂಥದ್ದು ಎಂದು ಹೇಳುತ್ತೇನೆ. ಕಳೆದ ವರ್ಷ ಶಸ್ತ್ರಚಿಕಿತ್ಸೆ ಮಾಡಿ ಅತ್ತೆಯ ಸೊಂಟದ ಮೂಳೆ ಬದಲಿಸಿದರು. ಅಂದಿನಿಂದ ಮಂಚ ಎತ್ತರವಿದ್ದರೆ ಹತ್ತಲಾರರು, ತಗ್ಗಾಗಿದ್ದರೆ ಏಳಲಾರರು. ಹಾಗಾಗಿ ನಾವು ಲಾರಿಸಾ ಎಂಬ ಊರಿನಲ್ಲಿ ಯಾರೋ ಜರ್ಮನ್ನರು ಬಳಸಿ ಬಿಟ್ಟ ಒಂದು ಮೋಟಾರು ಮನೆ ಕೊಂಡೆವು. ಒಲೆ, ಬಚ್ಚಲು, ಮಂಚ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಓಡುವ ಗಾಡಿ. ಅತ್ತೆಯ ಮೊಣಕಾಲಿಗೆ ಸರಿಯಾಗಿ ಮಂಚವನ್ನು ಕತ್ತರಿಸಿ, ಹಳೆಯ ಟ್ರ್ಯಾಕ್ಟರಿನ ಕಂಬಿಯೊಂದನ್ನು ಹಿಡಿಕೆಯಾಗಿ ಬೆಸೆದೆ. ಅವರು ಮಲಗಿ, ಎದ್ದು, ಮತ್ತೆ ಮಲಗಿ ನೋಡಿದರು.

“ಅಳಿಯಂದಿರೇ, ನನ್ನ ಮಗಳನ್ನ ಮದುವೆ ಆದಮೇಲೆ ನೀವು ಮಾಡಿದ ಮೊದಲನೇ ನೆಟ್ಟಗಿನ ಕೆಲಸ ಇದು.”

ಅವರು ಹೊರಟಿದ್ದು ಅಗ್ರಿಲೋಸಿನಲ್ಲಿರುವ ತಂಗಿ ಜಾಂಬೆತಾಳನ್ನು ನೋಡಲು. ಜಾಂಬೆತಾಳ ಕಣ್ಣು ಅಂಚಿನಿಂದ ಒಳಕ್ಕೆ ಕತ್ತಲಾಗುತ್ತ ಬರುತ್ತಿದೆ. ಚಳಿಗಾಲದ ಹೊತ್ತಿಗೆ ಏನೂ ಉಳಿಯುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದಾರೆ.

“ಅವಳಿಗೆ ನನ್ನ ಮುಖ ಕಾಣೋವಾಗಲೇ ಹೋಗ್ಬೇಕು,” ಎಂದರು ಅತ್ತೆ. “ಆಮೇಲೆ ಹೋದರೆ ಬರೀ ದನಿ. ನನ್ನ ದನಿ ಫೋನಲ್ಲಿ ಕೇಳೀ ಕೇಳೀ ಅವಳಿಗೆ ಆಗಲೇ ಸಾಕಾಗಿದೆ.”

ಅಗ್ರಿಲೋಸಿಗೆ ವಿಮಾನವಿಲ್ಲ. ಹಡಗೇ ಗತಿ. ಕೈಗೆಟುಕುವ ಹಡಗಿಗಾಗಿ ನಾನು ಅಲೆದ ಅಲೆತವನ್ನು ಕೇಳಿದರೆ ತಮಗೂ ಸೊಂಟ ನೋಯಬಹುದು. ಉತ್ತರದ ಬಂದರಿನಲ್ಲಿ ಅಗ್ಗವೆಂದರು. ಉಳಿಯುವ ಹಣವನ್ನೆಲ್ಲ ಅಲ್ಲಿಗೆ ಹೋಗುವ ಡೀಸೆಲ್ಲೇ ನುಂಗುತ್ತಿತ್ತು. ಮಂಗಳವಾರದ ಹಡಗು ಅಗ್ಗವೆಂದರು. ಅದರ ಬಾಗಿಲಿಗಿಂತ ನಮ್ಮ ಮೋಟಾರು ಮನೆ ಒಂದು ಮೊಳ ಎತ್ತರ. ಕೊನೆಗೆ ಉಳಿದದ್ದು ಅಡಿ ಅಡಿಗೂ ಹಣ ಎಣಿಸುವ ತಮ್ಮ ದೊಡ್ಡ ಹಡಗು. ಉದ್ದ ತಗ್ಗಿಸಲು ಹಿಂಬದಿಗೆ ಸೈಕಲ್ ತೂಗುಹಾಕುವ ಚೌಕಟ್ಟು ಬಿಚ್ಚಿದೆ, ಏಣಿ ಬಿಚ್ಚಿದೆ. ಅಳತೆಗಾರ ಬಂದವನೇ ಗಾಡಿ ಎಳೆಯುವ ಕೊಕ್ಕೆಯ ತುದಿಗೆ ಟೇಪು ಸಿಕ್ಕಿಸಿದ.

“ಅಯ್ಯಾ, ಅದು ಗಾಡಿಯಲ್ಲ, ಕೊಕ್ಕೆ,” ಎಂದೆ.

“ಹೌದಾ? ಹಂಗಾದ್ರೆ ಕೊಕ್ಕೆ ಈಜ್ಕೊಂಡು ಬರುತ್ತಾ?”

ಬಂದರಿನ ಕಾಫಿ ಅಂಗಡಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಪಕ್ಕದ ಮೇಜಿನಿಂದ ನಕ್ಕವನು ಸಿಮೆಯೋನ್. ಥೈಮ್ ಹೂವಿಗೆ ಲಾರಿ ತುಂಬ ಪೆಟ್ಟಿಗೆ ಹೇರಿಕೊಂಡು ಹೊರಟ ಜೇನುಗಾರ. ತಾನು ತೆತ್ತ ದರ ಹೇಳಿದ. ನನ್ನ ಕಾಫಿ ಮೂಗಿಗೇರಿತು.

“ಅಷ್ಟೇನಾ? ಅಷ್ಟೂ ನೊಣಕ್ಕೆ?”

“ನೊಣ ಇದ್ರೆ ರೈತ, ಅಣ್ಣಾ. ಇಲ್ದಿದ್ರೆ ಟೂರಿಸ್ಟು. ನೀನ್ಯಾಕೆ ರೈತ ಆಗ್ಬಾರ್ದು?”

ಮಾನ್ಯರೇ, ಮುಂದೆ ನಡೆದದ್ದಕ್ಕೆ ತಮ್ಮ ನಿಯಮಾವಳಿಯೇ ಪ್ರೇರಣೆ. ಸಿಮೆಯೋನನಿಂದ ನಾಲ್ಕು ಖಾಲಿ ಪೆಟ್ಟಿಗೆ ಎರವಲು ತಂದು ಬಚ್ಚಲಿನ ಪಕ್ಕ ಜೋಡಿಸಿ, ಕೃಷಿಕನ ಗಾಂಭೀರ್ಯದಿಂದ ಟಿಕೆಟ್ ಕಿಟಕಿಗೆ ಹೋದೆ. ಕಿಟಕಿಯ ಹುಡುಗಿ ಅರ್ಗಿರೋ ಎದ್ದು ಬಂದು ಮುಚ್ಚಳ ಎತ್ತಿ ನೋಡಿದಳು.

“ನೊಣ ಎಲ್ಲಿ ಸ್ವಾಮಿ?”

“ಹೂವಿಗೆ ಹೋಗಿವೆ.”

“ಖಾಲಿ ಪೆಟ್ಟಿಗೆ ಅಂದ್ರೆ ಪೀಠೋಪಕರಣ. ಅದಕ್ಕೆ ಬೇರೆ ದರ. ಇನ್ನೂ ಜಾಸ್ತಿ.”

ಸಿಮೆಯೋನ್ ಮರುಕಪಟ್ಟು, ಬಾಯಿಗೆ ಜಾಲರಿ ಬಡಿದ ತುಂಬಿದ ಪೆಟ್ಟಿಗೆಯೊಂದನ್ನೇ ಕೊಟ್ಟ. ಅದನ್ನು ಒಲೆಯ ಪಕ್ಕ ಹಗ್ಗದಿಂದ ಬಿಗಿದೆ. ಮೋಟಾರು ಮನೆಯೆಲ್ಲ ಗುಂಯ್ಗುಟ್ಟಿತು. ನನ್ನ ಹೆಂಡತಿ ಪೋಲಿಕ್ಸೇನಿ ಕೆಳಗಿಳಿದವಳು ಮತ್ತೆ ಹತ್ತಲಿಲ್ಲ. ಅರ್ಗಿರೋ ಮಾತ್ರ ನಿಯಮಾವಳಿಯ ಹಾಳೆ ತಿರುವಿದಳು.

“ವಾಸದ ವಾಹನದ ಒಳಗಿದ್ರೆ ಅದು ಕೃಷಿ ಅಲ್ಲ, ಸಾಕುಪ್ರಾಣಿ. ಸಾಕುಪ್ರಾಣಿಗೆ ಕಚ್ಚದ ಹಾಗೆ ಮೂತಿಬಲೆ ಕಡ್ಡಾಯ.”

“ಪೆಟ್ಟಿಗೆಗಾ?”

“‘ಪ್ರತಿಯೊಂದು ಪ್ರಾಣಿಗೂ’ ಅಂತ ಬರೆದಿದೆ.”

ಅವಳು ತುಟಿ ಕಚ್ಚಿಕೊಂಡಿದ್ದಳು. ಅವಳನ್ನು ದೂರುವುದಿಲ್ಲ, ಅವಳು ಬರೀ ಓದಿದಳು, ಬರೆದವರು ತಾವು. ಅಷ್ಟು ನೊಣಕ್ಕೆ ಅಷ್ಟು ಮೂತಿಬಲೆ ಹೊಲಿಯುವ ದರ್ಜಿ ತಮ್ಮ ಕಚೇರಿಯಲ್ಲಿ ಇದ್ದಾನೆಯೇ? ಇದ್ದರೆ ವಿಳಾಸ ಕಳಿಸಿ.

ಹಡಗು ಕೂಗಿತು. ಪೆಟ್ಟಿಗೆಗಳನ್ನೆಲ್ಲ ಸಿಮೆಯೋನನ ಲಾರಿಗೆ ಮರಳಿಸಿದೆ. ಲಾರಿಗಳು ಒಂದೊಂದೇ ಹತ್ತತೊಡಗಿದವು. ಅಷ್ಟು ಹೊತ್ತು ನೆರಳಲ್ಲಿ ಮಡಿಚು ಕುರ್ಚಿಯ ಮೇಲೆ ಕೂತಿದ್ದ ಅತ್ತೆ ಕೋಲೂರಿ ಎದ್ದರು.

“ಏ ಜೇನಪ್ಪಾ, ನಿನ್ನ ದರದಲ್ಲಿ ಎಷ್ಟು ಜನ ಹೋಗಬಹುದು?”

“ನಾನೊಬ್ಬ, ಸಹಾಯಕ ಒಬ್ಬ, ಅಮ್ಮಾ.”

“ಎಲ್ಲಿ ಸಹಾಯಕ?”

“ಕೈಕೊಟ್ಟ. ನಿನ್ನೆ ಅವನಿಗೆ ನಿಶ್ಚಿತಾರ್ಥ.”

“ಒಳ್ಳೇದಾಯ್ತು. ಆ ಬಲೆ ಟೋಪಿ ಇಲ್ಲಿ ಕೊಡು.”

ಕರಿಯ ಉಡುಪಿನ ಮೇಲೆ ಬಿಳಿಯ ಬಲೆ ಟೋಪಿ ಹಾಕಿಕೊಂಡು, ನಾನೂ ಸಿಮೆಯೋನನೂ ಎತ್ತಿ ಹತ್ತಿಸಿದ ಮೇಲೆ ಲಾರಿಯ ಮುಂದಿನ ಸೀಟಿನಲ್ಲಿ ಕೂತ ಅತ್ತೆಯನ್ನು ಅರ್ಗಿರೋ ತಡೆದಳು. “ಅಜ್ಜೀ, ಜೇನು ಸಾಕಿ ಗೊತ್ತಿದೆಯಾ ನಿಮಗೆ?”

“ಮೂರು ಹೆಣ್ಣುಮಕ್ಕಳನ್ನ ಸಾಕಿದೀನಿ ಮಗಳೇ. ಕುಟುಕಿಸಿಕೊಳ್ಳೋದು ನನಗೆ ಹೊಸದಲ್ಲ.”

ಅರ್ಗಿರೋ ಮುದ್ರೆ ಒತ್ತಿದಳು. ಪೋಲಿಕ್ಸೇನಿ ಕಾಲ್ನಡಿಗೆಯ ಟಿಕೆಟ್ ಕೊಂಡು, ಅತ್ತೆಯ ಕೈಲಾಗದ ಹಡಗಿನ ಮೆಟ್ಟಿಲು ಹತ್ತಿ ಅಮ್ಮನ ಹಿಂದೆ ಓಡಿದಳು. ದಡದಲ್ಲಿ ಉಳಿದದ್ದು ನಾನು, ಮೋಟಾರು ಮನೆ ಮತ್ತು ಅದರೊಳಗಿನ ಮಂಚ.

ಸಂಜೆ ಹೆಂಡತಿ ಫೋನ್ ಮಾಡಿದಳು. ಜಾಂಬೆತಾ ದಕ್ಕೆಗೇ ಬಂದು ಕಾಯುತ್ತಿದ್ದಳಂತೆ. ಬಲೆ ಹೊದ್ದ ಯಾರೋ ಬಂದು ಕೈ ಹಿಡಿದಾಗ, “ಯಾವನೋ ಇವನು, ಹೇಳದೆ ಕೇಳದೆ ಕೈ ಹಿಡಿಯೋನು?” ಎಂದು ಗದರಿದಳಂತೆ. ಅತ್ತೆ ಬಲೆ ಎತ್ತಿದರು. ಜಾಂಬೆತಾ ಮುಖವನ್ನು ಹತ್ತಿರ, ಇನ್ನೂ ಹತ್ತಿರ ತಂದು, ಉಳಿದಿರುವ ಕಿಂಡಿಯಷ್ಟು ನೋಟಕ್ಕೆ ಅಕ್ಕನನ್ನು ಸರಿಯಾಗಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

“ಎಷ್ಟು ಮುದುಕಿ ಆಗಿಬಿಟ್ಟಿದೀಯಲ್ಲೇ!”

“ಕಾಣ್ತಿದೆಯೇನೇ?”

“ಒಂದೊಂದು ಸುಕ್ಕೂ.”

ಇಬ್ಬರೂ ಅತ್ತರಂತೆ. ಆಮೇಲೆ ಯಾರ ಸುಕ್ಕು ಹೆಚ್ಚು ಎಂದು ಜಗಳವಾಡಿದರಂತೆ.

ನಗುವುದಾದರೆ ಇಲ್ಲಿಗೆ ನಕ್ಕು ಮುಗಿಸಿ, ಮಾನ್ಯರೇ. ಜಾಂಬೆತಾಳ ಮನೆಯ ಮಂಚಗಳು ಹೇಸರಗತ್ತೆಯ ಬೆನ್ನಿನಷ್ಟು ಎತ್ತರ. ಅತ್ತೆ ಅಂದಿನಿಂದ ಅಡುಗೆಮನೆಯ ಮರದ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದಾರೆ. ಕಾಲು ಬಾತಿದೆ. ಹೀಗೇ ಆದರೆ ಸೊಂಟ ಮತ್ತೆ ಕಚ್ಚಿಕೊಳ್ಳುತ್ತದೆ, ಕೂಡಲೇ ಕರೆತನ್ನಿ ಎಂದು ವೈದ್ಯರು ಫೋನಿನಲ್ಲೇ ಬೈದರು. ಕರೆತಂದರೆ ಮತ್ತೆ ಹೋಗುವ ಹೊತ್ತಿಗೆ ಜಾಂಬೆತಾಳಿಗೆ ಕಾಣುವುದೇನು?

ಆದ್ದರಿಂದ ನನ್ನ ಬೇಡಿಕೆ ಇದು. ಮುಪ್ಪಿನವರಿಗಾಗಿ, ರೋಗಿಗಳಿಗಾಗಿ ಮಂಚ ಹೊತ್ತು ದ್ವೀಪಕ್ಕೆ ಹೋಗುವ ಮೋಟಾರು ಮನೆಗಳಿಗೆ ಜೇನುಪೆಟ್ಟಿಗೆಯ ದರವನ್ನೇ ನಿಗದಿ ಮಾಡಿ. ‘ವಿಲಾಸ’ ಎಂಬ ಪದ ಬಿಡಲು ಮನಸ್ಸಾಗದಿದ್ದರೆ ಇಟ್ಟುಕೊಳ್ಳಿ, ದರವನ್ನು ಮಾತ್ರ ಇಳಿಸಿ. ವಿಚಾರಣಾ ಸಮಿತಿ ಬೇಡ, ಉಪಸಮಿತಿ ಬೇಡ. ಅವು ಕಾಫಿ ಕುಡಿದು ಏಳುವಷ್ಟರಲ್ಲಿ ಚಳಿಗಾಲ ಬಂದಿರುತ್ತದೆ. ವಾಪಸ್ ಬನ್ನಿ ಎಂದು ನಿನ್ನೆ ಅತ್ತೆಯನ್ನು ಅಂಗಲಾಚಿದೆ. ಅವರ ಉತ್ತರವನ್ನು ತಮಗೆ ಹಾಗೆಯೇ ಒಪ್ಪಿಸುತ್ತೇನೆ:

“ಆ ಅಧಿಕಾರಿಗೆ ಹೇಳಿ ಅಳಿಯಂದಿರೇ, ನಾನು ಈ ಕುರ್ಚಿ ಬಿಟ್ಟು ಏಳಲ್ಲ. ಅವಳಿಗೆ ಕಾಣೋಷ್ಟು ದಿನ ಎದುರಿಗೆ ಕೂತೇ ಇರ್ತೀನಿ.”

ಇಂತಿ,
ಮಂಚವೊಂದನ್ನು ಕಾಯುತ್ತ ಬಂದರಿನಲ್ಲೇ ಬೀಡುಬಿಟ್ಟಿರುವ, ತಮ್ಮ ಲೆಕ್ಕದ ವಿಲಾಸಿ,
ಪ್ರೊದ್ರೊಮೋಸ್