ಎರಡು ಅಂದರೆ ಒರಟು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರನೆಯದರಲ್ಲಿ 'ಕೈಗೇನು ಲಕ್ವ ಹೊಡೆದಿದೆಯಾ' ಅಂತ ಕೇಳಿದ್ದೀಯ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ, ಬೈದುಬಿಡು. ಫೋನ್ ಮಾಡೋಣ ಅಂದರೆ ನಿನ್ನ ಕಿವಿಗೂ ಫೋನಿಗೂ ಎಣ್ಣೆ ಸೀಗೆಕಾಯಿ. ಬರೆಯೋಣ ಅಂದರೆ ಒಳ್ಳೆಯ ಸುದ್ದಿ ಇಲ್ಲದೆ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ.

ಈಗ ಒಳ್ಳೆಯದಿದೆ. ನನ್ನ ಮಗ ದೊರೆಯ ಎರಡನೇ ಆಪರೇಶನ್ ಕಳೆದ ಗುರುವಾರ ಆಯಿತು, ಸಲೀಸಾಗಿ ಆಯಿತು. ಪರದೆ ಹೊಲಿಯುವ ನನ್ನ ಮೇಜಿನ ಅಂಚನ್ನು ಸವರುತ್ತಾ, ಇದಕ್ಕೆ ಪಾಲಿಶ್ ಹೊಡೆದವನಿಗೆ ಕೈ ಇತ್ತೋ ಕಾಲಿತ್ತೋ ಅಂತ ಗೊಣಗುತ್ತಾ ಕೂತಿದ್ದಾನೆ. ಗೊಣಗುತ್ತಿದ್ದಾನೆ ಅಂದರೆ ಹುಷಾರಾಗಿದ್ದಾನೆ ಅಂತಲೇ ಲೆಕ್ಕ.

ತೊಡೆಸಂದಿನ ಎರಡೂ ಕಡೆ ಹರ್ನಿಯಾ ಇತ್ತು, ಒಂದೊಂದೇ ಕಡೆ ಮಾಡುತ್ತಾರೆ ಅಂತ ನಿನಗೆ ಬರೆದಿದ್ದೆ. ಎಡಗಡೆಯದು ಜನವರಿಯಲ್ಲಿ ಆಯಿತಲ್ಲ, ಆಗ ನಡೆದದ್ದನ್ನು ಮಾತ್ರ ಮುಚ್ಚಿಟ್ಟಿದ್ದೆ. ಈಗ ಹೇಳುತ್ತೇನೆ, ಕೂತುಕೊಂಡು ಓದು.

ಆಪರೇಶನ್ ಆದ ದಿನ ಮಧ್ಯಾಹ್ನ ಸೊಂಟದ ಕೆಳಗಿನ ಮರಗಟ್ಟುವಿಕೆ ಇಳಿಯಿತು. ನರ್ಸ್ ಬಂದು ಕೇಳಿದಳು, ಒಂದರಿಂದ ಹತ್ತರಲ್ಲಿ ನೋವು ಎಷ್ಟಿದೆ ಅಂತ. ಇವನು ದಿಂಬಿಗೆ ಒರಗದೆ ನೆಟ್ಟಗೆ ಕೂತಿದ್ದ, ಎರಡೂ ಕೈ ಮೊಣಕಾಲ ಮೇಲೆ, ಮುಖದಲ್ಲಿ ಒಂದು ಗೆರೆ ಇಲ್ಲ. 'ಎರಡು' ಅಂದ. ನರ್ಸ್ ನನ್ನ ಕಡೆ ತಿರುಗಿದಳು. ನಾನು ಸುಮ್ಮನಿರಬೇಕೋ ಬೇಡವೋ? 'ಅವನಿಗೆ ನೋವು ಕಮ್ಮಿ ಸಿಸ್ಟರ್, ಚಿಕ್ಕಂದಿನಿಂದಲೂ ಹಾಗೇ, ಗಟ್ಟಿ ಜೀವ' ಅಂದೆ. ಅದೂ ಹೆಮ್ಮೆಯಿಂದ. ಅವಳು ಎರಡು ಅಂತ ಬರೆದುಕೊಂಡು ಹೋದಳು. ಪಾಪ, ಆ ವಾರ್ಡಿಗೆಲ್ಲ ಅವಳೊಬ್ಬಳೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ, ಹೇಳಿದ್ದನ್ನು ಬರೆದುಕೊಳ್ಳುವುದು ಬಿಟ್ಟರೆ ಅವಳಿಗೆ ಬೇರೆ ಪುರಸೊತ್ತಿರಲಿಲ್ಲ.

ನಾಲ್ಕು ಗಂಟೆ ಕಾಲ ಹಾಗೇ ಕೂತಿದ್ದ. ಇನ್ನೊಂದು ಸಲ ಕೇಳಿದರು, ಆಗಲೂ ಎರಡು. ಸಂಜೆಗೆ ತಾನಾಗಿಯೇ ಮಲಗಿದ, ಮೈ ಸಡಿಲವಾಯಿತು, ಸ್ವಲ್ಪ ಹಾಲು ಕುಡಿದ. ಆಗ ಬಂದು ಕೇಳಿದರೆ 'ಎಂಟು' ಅಂದ! ನರ್ಸ್ ಗಾಬರಿಯಾದಳು, ಎರಡು ಇದ್ದದ್ದು ಎಂಟಾಯಿತಲ್ಲ ಅಂತ. ಡ್ಯೂಟಿ ಡಾಕ್ಟರನ್ನು ಕೇಳಿ ಜೋರಾದ ಇಂಜೆಕ್ಷನ್ನನ್ನೇ ಕೊಟ್ಟರು.

ಅಕ್ಕ, ಆಮೇಲಿನ ಅರ್ಧ ಗಂಟೆ ನನ್ನ ಶತ್ರುವಿಗೂ ಬೇಡ. ಅವನ ಕಣ್ಣು ತೇಲಿದವು, ನಾಲಿಗೆ ತೊದಲಿತು. ಬೆರಳುಗಳನ್ನು ಹಾಸಿಗೆಯ ಬಟ್ಟೆಗೆ ಉಜ್ಜಿ ಉಜ್ಜಿ 'ನನ್ನ ಬೆರಳು ಎಲ್ಲಿ, ನನ್ನ ಬೆರಳು ಎಲ್ಲಿ' ಅಂತ ಕೇಳಿದ. ಡ್ರಿಪ್ಪಿನ ಸೂಜಿ ಕಿತ್ತುಹಾಕಿದ. ವಾಂತಿ ಮಾಡಿದ. ಮೂರು ಜನ ಬಂದು ಹಿಡಿದರು, ಹಿಡಿದಷ್ಟೂ ಹೆಚ್ಚಾಯಿತು. ಮಾರನೆಯ ದಿನ ಅವನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು: ಆಟಿಸಂ ಇದೆ, ಜೋರಾದ ನೋವಿನ ಔಷಧಿ ಒಗ್ಗುವುದಿಲ್ಲ, ಕೊಡಬಾರದು.

ಮನೆಗೆ ಬಂದ ಮೇಲೆ ಅವನದು ಒಂದೇ ಮಾತು, ಆಸ್ಪತ್ರೆ ಬೇಡ. ಮಾತ್ರೆಯ ಪಟ್ಟಿ ಕಂಡರೆ ಎದ್ದು ಆಚೆ ಹೋಗುತ್ತಿದ್ದ. ಆ ಬೆರಳುಗಳು ಅವನಿಗೆ ಎಷ್ಟು ಮುಖ್ಯ ಅಂತ ನಿನಗೆ ಗೊತ್ತು. ಹನ್ನೊಂದು ವರ್ಷದಿಂದ ಆ ಮರಗೆಲಸದ ಅಂಗಡಿಯಲ್ಲಿ ಕೊನೇ ಉಜ್ಜು ಅವನದೇ. ಕಣ್ಣು ಮುಚ್ಚಿ ಸವರಿ ಕೂದಲೆಳೆಯಷ್ಟು ಗೀರನ್ನೂ ಹಿಡಿಯುತ್ತಾನೆ, ಅವನು ಹೂಂ ಅನ್ನದೆ ಮೇಸ್ತ್ರಿ ಒಂದು ಬಾಗಿಲನ್ನೂ ಕಳಿಸುವುದಿಲ್ಲ. ಅಂಥವನ ಬೆರಳ ತುದಿಯನ್ನೇ ಔಷಧಿ ಕಿತ್ತುಕೊಂಡಿತ್ತು. ಇತ್ತ ಬಲಗಡೆಯ ಗಂಟು ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಕರುಳು ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಸಂಚಕಾರ ಅಂತ ಡಾಕ್ಟರು ಎರಡು ಸಲ ಹೇಳಿ ಕಳಿಸಿದರು. ನೋವಿನ ಔಷಧಿ ಇಲ್ಲದೆ ಕುಯ್ಯುವ ಹಾಗಿಲ್ಲ, ಔಷಧಿ ಅಂದರೆ ಇವನು ಬರುವ ಹಾಗಿಲ್ಲ. ನಾನು ಬೈದೆ, ಗೋಗರೆದೆ, ಮಾತು ಬಿಟ್ಟೆ. ಯಾವುದಕ್ಕೂ ಜಗ್ಗಲಿಲ್ಲ.

ಕೊನೆಗೆ ಮೇಸ್ತ್ರಿ ಒಂದು ಉಪಾಯ ಮಾಡಿದರು. ಆಪರೇಶನ್ ಗಿಪರೇಶನ್ ಏನೂ ಇಲ್ಲ, ಬರೀ ಮಾತಾಡಿ ಬರೋಣ ಅಂತ ಅಂಗಡಿಯ ವ್ಯಾನಿನಲ್ಲೇ ಕೂರಿಸಿಕೊಂಡು ಹೋದರು. ಹಿಂದೆ ಎರಡು ಮೇಜು, ಮುಂದೆ ನಾವು ಮೂವರು.

ಅರಿವಳಿಕೆ ಕೊಡುವ ಡಾಕ್ಟರು ಈ ಸಲ ಬೇರೆಯವರು. ಗಂಡಸರ ಹಾಗೆ ಕೂದಲು ಕತ್ತರಿಸಿಕೊಂಡಿರುವ ಹೆಂಗಸು, ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು. ಫೈಲನ್ನು ಹಿಂದೆ ಮುಂದೆ ತಿರುವಿ ಹಾಕಿದರು. ನಾನು ಅವನ ಪರವಾಗಿ ಶುರುಮಾಡಿದೆ, 'ಡಾಕ್ಟ್ರೇ, ಇವನಿಗೆ...' ಅಂತ. ಅವರು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಗೊತ್ತಲ್ಲ. ಹೇಗೋ ತಡೆದುಕೊಂಡೆ.

ಅವರಿಗೆ ಫೈಲಿನಲ್ಲಿ ಒಂದು ವಿಚಿತ್ರ ಕಂಡಿತ್ತು. ಇವನು ಎರಡು ಅಂದಾಗ ನಾಡಿ ನಿಮಿಷಕ್ಕೆ ನೂರಿಪ್ಪತ್ತು ಹೊಡೆಯುತ್ತಿತ್ತಂತೆ, ಎಂಟು ಅಂದಾಗ ಎಪ್ಪತ್ತೆರಡು. ಇದು ತಲೆಕೆಳಗಾಯಿತಲ್ಲ ಅಂತ ಅವರು ನನ್ನನ್ನಲ್ಲ, ಅವನನ್ನೇ ಕೇಳಿದರು. ಮುಖ ನೋಡಿ ಕೇಳಲಿಲ್ಲ, ಫೈಲು ನೋಡುತ್ತಲೇ ಕೇಳಿದರು. ಅವನಿಗೆ ಹಾಗೇ ಸರಿ.

"ಎರಡು ಅಂದ್ರೆ ಹೇಗಿರುತ್ತೆ, ನನಗೆ ಹೇಳ್ತೀರಾ?"

"ಎರಡು ಅಂದ್ರೆ ಒರಟು. ತುಂಬಾ ಒರಟು. ಚರ್ಮ ಹರಿಯುತ್ತೆ."

"ಮತ್ತೆ ಹತ್ತು?"

"ಹತ್ತು ನಯ. ಕೈ ಜಾರುತ್ತೆ."

ಡಾಕ್ಟರಿಗೆ ಏನೂ ಹೊಳೆಯಲಿಲ್ಲ, ನನಗೂ ಇಲ್ಲ. ಮೇಸ್ತ್ರಿ ಮಾತ್ರ ಹಣೆ ಚಚ್ಚಿಕೊಂಡರು. ಮರ ಉಜ್ಜುವ ಪಾಲಿಶ್ ಪೇಪರಿನ ನಂಬರು ಇರುವುದೇ ಹಾಗೆ ಅಂತ ವಿವರಿಸಿದರು. ಅರವತ್ತರ ಪೇಪರು ಚರ್ಮ ಕಿತ್ತು ಬರುವಷ್ಟು ಒರಟು, ನಾನೂರರದು ರೇಷ್ಮೆ. ನಂಬರು ಹೆಚ್ಚಾದಷ್ಟೂ ನಯ. ಹನ್ನೊಂದು ವರ್ಷ ಅದೇ ನಂಬರಿನಲ್ಲಿ ಬದುಕಿದವನಿಗೆ ಹತ್ತು ಅಂದರೆ ಕೆಟ್ಟದ್ದು ಅಂತ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ, ಇವನ ಹುಣ್ಣಿಗೆ ಬೇಕೇ ಬೇಕಿತ್ತು ನೋಡು. ನೋವು ಉರಿಯುತ್ತಿದ್ದಾಗ ಏನೂ ಕೊಡಲಿಲ್ಲ, ಇಳಿದು ಹಾಯಾಗಿದ್ದಾಗ ಜೋರು ಔಷಧಿ ಚುಚ್ಚಿದರು.

ಆಟಿಸಂ ಇರುವವರಿಗೆ ಈ ಔಷಧಿಗಳು ಒಗ್ಗುವುದೇ ಇಲ್ಲವಾ ಅಂತ ಕೇಳಿದೆ. ಡಾಕ್ಟರು ಬಣ್ಣ ಕಟ್ಟಿ ಹೇಳಲಿಲ್ಲ. ಎಲ್ಲರಿಗೂ ಒಂದೇ ಮಾತು ಹೇಳಲು ಬರುವುದಿಲ್ಲ, ಒಬ್ಬರಿಗೆ ಕಮ್ಮಿ ಸಾಕಾಗುತ್ತದೆ, ಇನ್ನೊಬ್ಬರಿಗೆ ಹೆಚ್ಚು ಬೇಕಾಗುತ್ತದೆ, ಕೆಲವರಿಗೆ ನೋವಿಗಿಂತ ಮಂಪರೇ ಹಿಂಸೆ, ಕೇಳಿ ಕೇಳಿ ತಿಳಿಯಬೇಕು ಅಂದರು. ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಿ, ಕೆಳಗೆ 'ರೋಗಿಯನ್ನೇ ಕೇಳಿ' ಅಂತ ಬರೆದರು. ಆಮೇಲೆ ಅವನ ಜೊತೆ ಒಪ್ಪಂದ ಆಯಿತು. ಸಣ್ಣ ಸಣ್ಣ ಪಾಲು, ಹೇಳಿದ ಗಂಟೆಗೆ. ಪ್ರತಿಯೊಂದಕ್ಕೂ ಮುಂಚೆ ಮೈಗೆ ಏನಾಗುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಬರೆದು ಕೊಡಬೇಕು. ಬೆರಳು ಜೋಮು ಹಿಡಿದರೆ ಆ ಔಷಧಿ ಅಲ್ಲಿಗೇ ಬಂದ್. ಇವನು ಆ ಹಾಳೆಯನ್ನು ನಾಲ್ಕು ಸಲ ಓದಿ, ಒಂದು ತಪ್ಪು ತಿದ್ದಿಸಿ, ಸಹಿ ಹಾಕಿಸಿಕೊಂಡ. ಡಾಕ್ಟರಿಂದ, ತಾನು ಹಾಕಲಿಲ್ಲ!

ಗುರುವಾರ ಮೇಸ್ತ್ರಿ ಒಂದು ರಟ್ಟಿಗೆ ಐದು ಪೇಪರಿನ ತುಂಡು ಅಂಟಿಸಿ ತಂದರು, ಅರವತ್ತರಿಂದ ನಾನೂರರವರೆಗೆ. ನರ್ಸ್ ಬಂದಾಗಲೆಲ್ಲ ಇವನು ಬೆರಳಿಂದ ಮುಟ್ಟಿ ತೋರಿಸುತ್ತಿದ್ದ. ಮಧ್ಯಾಹ್ನ ಎಂಬತ್ತು ಮುಟ್ಟಿದ, ಔಷಧಿ ಕೊಟ್ಟರು. ಮುಕ್ಕಾಲು ಗಂಟೆಗೆ ಇನ್ನೂರಿಪ್ಪತ್ತು. ಬೆರಳಿದೆಯಾ ಅಂತ ನರ್ಸ್ ಕೇಳಿದಳು, ಹತ್ತೂ ಇದೆ ಅಂದ. ನಾನು ಬಾತ್‌ರೂಮಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಇನ್ನೆರಡು ವಾರಕ್ಕೆ ಕೂತು ಮಾಡುವ ಕೆಲಸಕ್ಕೆ ಹೋಗಬಹುದಂತೆ. ನಿನ್ನ ಮಂಡಿ ಹೇಗಿದೆ? ನಿನ್ನ ಹತ್ತಿರ ಲೆಕ್ಕ ಕಲಿಯಲು ಬರುವ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ದೊರೆಗೆ ನಿನ್ನದು ಬೇಕು, ಮುಂದಿನ ಕಾಗದದಲ್ಲಿ ಅವನಿಗೇ ಒಂದು ಸಾಲು ಬರೆ.

ನಿನ್ನ
ತಂಗಿ

ಮರೆತು ಉಳಿದದ್ದಲ್ಲ ಇದು, ಧೈರ್ಯ ಸಾಲದೆ ಉಳಿದದ್ದು. ಡಾಕ್ಟರು ಅವತ್ತು ಇನ್ನೊಂದು ಪ್ರಶ್ನೆ ಕೇಳಿದ್ದರು. ಅಷ್ಟು ನೋವಿನಲ್ಲಿ ಹಾಗೆ ನೆಟ್ಟಗೆ, ಸುಮ್ಮನೆ ಯಾಕೆ ಕೂತಿದ್ರಿ ಅಂತ. ಅವನು, "ಅಮ್ಮ ಕಲಿಸಿದ್ದು" ಅಂದ. ತಪ್ಪು ಹೊರಿಸುವ ದನಿಯಲ್ಲಿ ಅಲ್ಲ. ಪಾಠ ಒಪ್ಪಿಸಿದ ಹಾಗೆ.

ನಾನೇ ಕಲಿಸಿದ್ದು ಅಕ್ಕ. ಆ ಬಾಡಿಗೆ ಮನೆಯಲ್ಲಿ ಇವನ ಕಿರುಚಾಟಕ್ಕೆ ಅಕ್ಕಪಕ್ಕದವರು ಬಾಗಿಲು ಬಡಿಯುತ್ತಿದ್ದರು. ಬಿದ್ದರೆ ಕೈ ಮೊಣಕಾಲ ಮೇಲಿಡು, ನೆಟ್ಟಗೆ ಕೂರು, ಬಾಯಿ ಮುಚ್ಚು. ಹಾಗೆ ಕೂತರೆ 'ಜಾಣ' ಅಂದು ಬಸ್ಸಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದೆ. ಆರು ವರ್ಷದವನು ಮುರಿದ ಮಣಿಕಟ್ಟು ಇಟ್ಟುಕೊಂಡು ಎರಡು ದಿನ ಹಾಗೇ ಕೂತಿದ್ದ. ಕಂಡುಹಿಡಿದವಳು ನೀನು. ಅಳಲಿ ಬಿಡೇ, ಮಗು ಅದು ಅಂತ ನೀನು ಕೂಗಾಡಿದೆ. ಹೆರದವಳಿಗೆ ಏನು ಗೊತ್ತು ಅಂತ ನಾನು ಅಂದೆ. ನೀನು ಬ್ಯಾಗು ತಗೊಂಡು ಮೆಟ್ಟಿಲಿಳಿದು ಹೋದೆ. ಇಪ್ಪತ್ತಮೂರು ವರ್ಷ ಕಾಗದ ಬರೆದೆ, ಬೈದೆ, ನಗಿಸಿದೆ, ಆದರೆ ಒಂದು ಸಲವೂ ಬರಲಿಲ್ಲ. ನಾನೂ ಬಾ ಅನ್ನಲಿಲ್ಲ. ಆ ಮಾತು ತಪ್ಪಾಯಿತು, ಕ್ಷಮಿಸು.

ನಿನ್ನೆ ಸಂಜೆ ಅವನು ನನ್ನ ಹತ್ತಿರ ಬಂದು ನಿಂತು, "ಅಮ್ಮ, ನೋಯ್ತಿದೆ" ಅಂದ. ಅಂದವನೇ ಅತ್ತ, ಜೋರಾಗಿ. ಮಾತ್ರೆ ಕೊಟ್ಟೆ, ನೀರು ಕೊಟ್ಟೆ. ಆಮೇಲೆ ಏನು ಮಾಡಬೇಕು ಅಂತ ತಿಳಿಯದೆ ಕತ್ತರಿ ಹಿಡಿದುಕೊಂಡು ನಿಂತುಬಿಟ್ಟೆ. ನಿನಗೆ ಗೊತ್ತಿತ್ತು ಅಕ್ಕ, ಮೊದಲಿನಿಂದಲೂ. ಬಾ.