ಎಲ್ಲ ಸರಿಯಿದೆ ಎಂದು ಬರೆದವನು

ಮೇ 6, ಮಂಗಳವಾರ, ಬೆಳಿಗ್ಗೆ 11.20

ಲ್ಯಾಬ್ ಡೇಟಾಬೇಸಿನಲ್ಲಿ ಏನಾದರೂ ಕೆಟ್ಟಿದೆಯೇ ಎಂಬ ತಪಾಸಣೆ ದಿನವೂ ಈ ಹೊತ್ತಿಗೆ. ಕಮಾಂಡ್ ಕೊಟ್ಟರೆ ನಲವತ್ತು ನಿಮಿಷ. ಅಷ್ಟು ಹೊತ್ತೂ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ತೂಕಡಿಸುತ್ತವೆ, ಕೌಂಟರಿನವರು ನನಗೆ ಶಾಪ ಹಾಕುತ್ತಾರೆ. ಬಂದ ಉತ್ತರವನ್ನು ಲಾಗ್‌ಗೆ, ಅಂದರೆ ದಿನದಿನದ ದಾಖಲೆಗೆ, ಸೇರಿಸಬೇಕು. ಮಾಹಿತಿಯ ಪಟ್ಟಿಗಳಿರುವ ಪ್ರತಿ ಟೇಬಲ್‌ನ ಮುಂದೆ ಓಕೆ, ಓಕೆ, ಓಕೆ.

ಇವತ್ತೂ ಕಮಾಂಡ್ ಕೊಡಲಿಲ್ಲ. ನಿನ್ನೆಯ ಲಾಗ್ ಕಾಪಿ ಮಾಡಿ ತಾರೀಖು ಬದಲಿಸಿದೆ. ತಿಂಗಳ ಮೇಲಾಯಿತು ಹೀಗೆ. ದಿನವೂ ಅದೇ ತಾನೆ ಬರುವುದು...

ಮೇ 12, ಸೋಮವಾರ

ಭಾನುವಾರದ ಡ್ಯೂಟಿ ಟೀಚರದ್ದು. ಮೊದಲು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ಹೆಸರು ಹಾಗೇ ಅಂಟಿಕೊಂಡಿದೆ. ಬೆಳಿಗ್ಗೆ ನನಗಾಗಿ ಕಾದಿದ್ದರು.

“ಸರ್, ನಿನ್ನೆ ರಿಪೋರ್ಟ್ ಟೇಬಲ್‌ಗೆ ಎರರ್ ಬಂತು. ಲಾಗಲ್ಲಿ ಹಾಕಿದೀನಿ. ನೀವೊಂದ್ಸಲ ನೋಡ್ತೀರಾ?”

“ಒಮ್ಮೊಮ್ಮೆ ಹಾಗೇ ಬರತ್ತೆ. ತಲೆ ಕೆಡಿಸ್ಕೋಬೇಡಿ.”

ಎಲ್ಲ ಬಲ್ಲವನ ಹಾಗೆ ಹೇಳಿದೆ. ಅಂಥ ಎರರ್ ನಾನು ಕಂಡೇ ಇರಲಿಲ್ಲ. ಮಧ್ಯಾಹ್ನ ನೋಡೋಣ ಅಂದುಕೊಂಡೆ — ನೋಡಲಿಲ್ಲ. ಲಾಗ್‌ಗೆ ಶನಿವಾರದ್ದನ್ನೇ ಹಾಕಿದೆ. ಓಕೆ.

ಮೇ 16, ಶುಕ್ರವಾರ

ರಿಪೋರ್ಟುಗಳು ತೆರೆಯುತ್ತಿಲ್ಲ. ಏಪ್ರಿಲ್‌ನಿಂದ ಈಚಿನದೆಲ್ಲ ಹೋಯಿತು. ನಾವು ಇಡುವುದು ಐದು ದಿನದ ಬ್ಯಾಕಪ್ ಮಾತ್ರ, ಐದೂ ಕೆಟ್ಟ ಟೇಬಲ್‌ನ ಪ್ರತಿಗಳೇ. ಸೋಮವಾರವೇ ನೋಡಿದ್ದರೆ ಶನಿವಾರದ ಒಳ್ಳೆಯ ಪ್ರತಿ ಕೈಯಲ್ಲಿರುತ್ತಿತ್ತು.

ಸೂಪರಿಂಟೆಂಡೆಂಟರು ಲಾಗ್ ತಿರುವಿದರು. ಎಲ್ಲ ದಿನವೂ ಓಕೆ, ಆ ಒಂದು ಭಾನುವಾರ ಬಿಟ್ಟು.

“ಭಾನುವಾರ ಯಾರಿದ್ರು? ಏನು ಮಾಡಿದ್ರಿ?”

“ನಾನು ಸರ್‌ಗೆ ಹೇಳಿದ್ದೆ,” ಅಂದರು ಟೀಚರ್. ನನ್ನ ಕಡೆ ನೋಡಿದರು.

“ಹೇಳಿದ್ರು... ಸೋಮವಾರ ನಾನು ನೋಡಿದಾಗ ಸರಿ ಇತ್ತು.”

ದನಿ ಕೂಡ ನಡುಗಲಿಲ್ಲ ನನ್ನದು.

ಮನೆಯಲ್ಲಿ ಇವಳು, “ಯಾಕ್ರೀ ಮುಖ ಹೀಗಿದೆ?” ಅಂದಳು. ತಲೆನೋವು ಅಂದೆ.

ಮೇ 19, ಸೋಮವಾರ

ಭಾನುವಾರ ಏನೋ ಒತ್ತಿ ಕೆಡಿಸಿದ್ದು ಅವರೇ ಅಂತ ತೀರ್ಮಾನಿಸಿ, ಟೀಚರಿಗೆ ಕೆಲಸಕ್ಕೆ ಬರುವುದು ಬೇಡ ಎಂದಿದ್ದಾರೆ.

ಲ್ಯಾಬ್ ಮುಂದೆ ಉದ್ದದ ಸಾಲು. ಎಲ್ಲರೂ ಮತ್ತೆ ರಕ್ತ ಕೊಡಬೇಕು. ಒಬ್ಬ ತಾಯಿ ನನ್ನನ್ನು ತಡೆದಳು. “ಹೋದ ವಾರ ತಾನೇ ಚುಚ್ಚಿದ್ರಿ ಮಗೂಗೆ. ಈಗ ಮತ್ತೆ ಯಾಕಣ್ಣ?”

“ಸರ್ವರ್ ಪ್ರಾಬ್ಲಂ ಅಮ್ಮ.”

ಮಗು ನನ್ನನ್ನು ನೋಡಿ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿತು.

ಮೇ 27, ಮಂಗಳವಾರ

ಎಂಟು ದಿನ ಈ ಡೈರಿ ಮುಟ್ಟಿರಲಿಲ್ಲ.

ಇವತ್ತು ಲಾಗ್ ತೆರೆದು ಕೂತೆ. ಪ್ರತಿ ತಪಾಸಣೆಗೆ ಹಿಡಿದ ಸಮಯವೂ ಅದರಲ್ಲಿರುತ್ತದೆ; ನಿಜಕ್ಕೂ ನಡೆಸಿದರೆ ದಿನಕ್ಕೊಂದು ಲೆಕ್ಕ. ನಾನು ಬರೆದ ದಿನಗಳಲ್ಲೆಲ್ಲ 2413.06 ಸೆಕೆಂಡ್. ಒಂದು ದಿನವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಯಾರ ಕಣ್ಣಿಗಾದರೂ ಬೀಳುವಂಥದ್ದು. ಯಾರೂ ನೋಡಲಿಲ್ಲ.

ಪ್ರಿಂಟ್ ತೆಗೆದು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ.

“ಮುಗಿದದ್ದನ್ನ ಯಾಕ್ರೀ ಕೆದಕ್ತೀರಿ?”

“ಮುಗಿದಿಲ್ಲ ಸರ್. ಟೀಚರ್ ತಪ್ಪೇನಿಲ್ಲ. ಅವರೊಬ್ಬರೇ ನಿಜ ಬರೆದದ್ದು. ಉಳಿದದ್ದೆಲ್ಲ ನಾನು ಕಾಪಿ ಹೊಡೆದದ್ದು.”

ಕನ್ನಡಕ ತೆಗೆದಿಟ್ಟರು. ಬರೆದು ಕೊಡಿ ಅಂದರು. ಕೊಟ್ಟೆ. ನಾಳೆಯಿಂದ ನಾನು ಸಸ್ಪೆಂಡ್. ಟೀಚರನ್ನು ವಾಪಸ್ ಕರೆಯುತ್ತಾರಂತೆ.

ಮೇ 28, ಬುಧವಾರ, ಸಂಜೆ 5

ಟೀಚರ ಮನೆಗೆ ಹೋಗಿ ಬಂದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ, ತಪಾಸಣೆ ಮಾಡಿದ್ದರಿಂದ ಟೇಬಲ್ ಕೆಡುವುದಿಲ್ಲ ಅಂತಲೂ. ಉಗಿಸಿಕೊಳ್ಳಲು ಸಿದ್ಧನಾಗಿದ್ದೆ.

“ಹಾಗಾದ್ರೆ... ನಾನೇನೋ ಒತ್ತಿದ್ದಕ್ಕೆ ಆಗಿದ್ದಲ್ಲ ಅಂತೀರಾ ಅದು?”

ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಆ ಭಾನುವಾರ ಒತ್ತಿದ ಒಂದೊಂದು ಕೀಯನ್ನೂ ನೆನೆಸಿಕೊಂಡು ಬರೆದಿದ್ದರು. ಹೊಡೆದುಹಾಕಿ, ಮತ್ತೆ ಬರೆದು. ನಲವತ್ತು ಪುಟ — ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ.

“ಸದ್ಯ,” ಅಂದರು. ಕುಳಿತುಕೊಂಡುಬಿಟ್ಟರು. ಒಂದು ಮಾತೂ ಬೈಯಲಿಲ್ಲ.

ಬೈದಿದ್ದರೆ ನಾನು ಸ್ವಲ್ಪ ಹಗುರಾಗಿ ಮನೆಗೆ ಬರುತ್ತಿದ್ದೆ.